ಒರೆಸಿದ ಲಾಳಿ

ಹಲ್ಲಿನ ಸಂದಿಯಲ್ಲಿ ದಾರ ಎಳೆಯುವುದು ಖರೆ ಬೇಕಾ ಎಂದು ನಮ್ಮ ಓಣಿಯ ಹೆಂಗಸರು ಈಗ ನನ್ನನ್ನು ಕೇಳುತ್ತಾರೆ. ನಾನೇನು ಡಾಕ್ಟರೇ? ಬನಹಟ್ಟಿಯಲ್ಲಿ ಗಂಡನ ಜೊತೆ ನಾಲ್ಕು ಪವರ್‌ಲೂಮ್ ನಡೆಸುವ ಗುರುಬಾಯಿ ನಾನು. ಆದರೂ ಕೇಳುತ್ತಾರೆ, ಏಕೆಂದರೆ ಇಡೀ ಓಣಿಯಲ್ಲಿ ಹಟ ಹಿಡಿದು ಆ ಕೆಲಸ ಮಾಡಿದವಳು ನಾನೊಬ್ಬಳೇ. ಯಾರ ಸಲುವಾಗಿ ಮಾಡಿದೆ ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ಹಲ್ಲಿನ ಸಲುವಾಗಿ ಎಂದು ಸುಳ್ಳು ಹೇಳುತ್ತಿದ್ದೆ.

ಗಂಡನ ಸಲುವಾಗಿ ಮಾಡಿದೆ.

ಅದು ತಿಳಿಯಬೇಕಾದರೆ ಲಾಳಿಯ ವಿಷಯ ಹೇಳಬೇಕು. ನಮ್ಮವು ಹಳೆಯ ಮಗ್ಗಗಳು. ನೂಲು ಸುತ್ತಿದ ಕಂಡಿಕೆಯನ್ನು, ಹಾಸಿನ ನಡುವೆ ಅತ್ತಿತ್ತ ಓಡುವ ಲಾಳಿಯೊಳಗೆ ಕೂರಿಸುತ್ತೇವೆ. ಆ ನೂಲಿನ ತುದಿ ಲಾಳಿಯ ಮಗ್ಗುಲಿನ ಸಣ್ಣ ತೂತಿನಿಂದ ಹೊರಗೆ ಬರಬೇಕು. ತೂತಿಗೆ ಬಾಯಿ ಹಚ್ಚಿ ಜೋರಾಗಿ ಉಸಿರು ಎಳೆದರೆ ನೂಲು ಬರುತ್ತದೆ. ಕೊಕ್ಕೆಯಿಂದಲೂ ತೆಗೆಯಬಹುದು, ಆದರೆ ಆ ಕೊಕ್ಕೆ ಬೇಕಾದಾಗ ಎಂದೂ ಕೈಗೆ ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆ ಲಾಳಿ ದಿನವೆಲ್ಲ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತಿರುತ್ತದೆ. ಹೊರಗಿನವರು ನೋಡಿದರೆ ಮುಖ ಸಿಂಡರಿಸುತ್ತಾರೆ.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದು ಬರುತ್ತಿರಲಿಲ್ಲ. ಎಳೆದು ಎಳೆದು ಸೋತು ಲಾಳಿಯನ್ನು ಗಂಡನ ಕೈಗೆ ಕೊಡುತ್ತಿದ್ದೆ. ನನ್ನ ಗಂಡ ಹಣಮಂತ ಅದನ್ನು ಹಾಗೇ ಬಾಯಿಗೆ ಹಚ್ಚಿ, ಒಂದೇ ಸಲಕ್ಕೆ ನೂಲು ತೆಗೆದು, ನನ್ನ ಕಡೆ ನೋಡಿ ನಗುತ್ತಿದ್ದರು. ಮನೆಯಲ್ಲಿ ಎರಡೇ ಖೋಲಿ. ಒಂದರಲ್ಲಿ ಮಗ್ಗ, ಇನ್ನೊಂದರಲ್ಲಿ ಅತ್ತೆ ಸಾತವ್ವ. ಹೊಸ ಜೋಡಿ ಎಲ್ಲಿಗೆ ಹೋಗಬೇಕು? ನನ್ನ ಬಾಯಿ ಹತ್ತಿದ ಜಾಗಕ್ಕೆ ಅವರ ಬಾಯಿ ಹತ್ತುವುದನ್ನು ನೋಡಿದರೆ ನನ್ನ ಕಿವಿ ಬಿಸಿಯಾಗುತ್ತಿದ್ದವು. ಕೆಲಸ ಕಲಿತ ಮೇಲೂ ಎಷ್ಟೋ ಸಲ ಸುಮ್ಮನೆ ಎಳೆದಂತೆ ಮಾಡಿ, ಬರಲಿಲ್ಲ ಎಂದು ಅವರ ಕೈಗೆ ಕೊಟ್ಟಿದ್ದೇನೆ. ಅವರಿಗೂ ಅದು ಗೊತ್ತಿತ್ತು.

ಇನ್ನೊಂದು ಮಾತು. ಮಗ್ಗದ ಗದ್ದಲದಲ್ಲಿ ಕಿವಿಗೆ ಏನೂ ಕೇಳಿಸುವುದಿಲ್ಲ. ಎದುರಿನವರ ತುಟಿ ನೋಡಿ ಮಾತು ತಿಳಿಯಬೇಕು. ನಮ್ಮ ಊರಿನಲ್ಲಿ ಮಕ್ಕಳಿಗೂ ಅದು ಬರುತ್ತದೆ. ಅತ್ತೆ ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತಿದ್ದಾಗ ನನ್ನ ಗಂಡ ಮಗ್ಗದ ಆಚೆ ನಿಂತು ತುಟಿ ಅಲುಗಿಸಿ ಏನೇನೋ ಹೇಳುತ್ತಿದ್ದರು. ಇಲ್ಲಿ ಬರೆಯುವಂಥವಲ್ಲ ಬಿಡಿ.

ಅಂಥ ಮನುಷ್ಯ ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ದಿನ ನನ್ನ ಕೈಯಿಂದ ಲಾಳಿ ಇಸಿದುಕೊಂಡು, ಅದರ ತೂತನ್ನು ಲುಂಗಿಯ ಅಂಚಿನಿಂದ ಒರೆಸಿ, ಆಮೇಲೆ ಬಾಯಿಗೆ ಹಚ್ಚಿದರು. ಧೂಳು ಕುಂತಿರಬೇಕು ಅಂದುಕೊಂಡೆ. ಮರುದಿನವೂ ಒರೆಸಿದರು. ಅದರ ಮರುದಿನವೂ. ಆಮೇಲೆ ನಾನು ಕಂಡಿಕೆ ಸುತ್ತುವುದು ಬಿಟ್ಟು ಅವರ ಕೈಯನ್ನೇ ನೋಡತೊಡಗಿದೆ. ಒರೆಸುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ಬೆವರು ಒರೆಸಿಕೊಂಡಂತೆ ಒರೆಸುತ್ತಿದ್ದರು. ನನ್ನ ತುಟಿಯ ಕಡೆ ನೋಡುವುದನ್ನೂ ಬಿಟ್ಟಿದ್ದರು. ಏನಾದರೂ ಹೇಳಬೇಕಾದರೆ ಹೋಗಿ ಅವರ ತೋಳು ಮುಟ್ಟಬೇಕಾಗುತ್ತಿತ್ತು.

ನನ್ನ ಸಂಕಟ ನೋಡಿ ಅತ್ತೆಯೇ ಬಾಯಿ ಬಿಟ್ಟಳು. ಆಕೆಗೆ ಒಂದೂ ಹಲ್ಲಿಲ್ಲ, ಆದರೆ ನಾಲಗೆ ಬಲು ಚುರುಕು.

"ಹೇಳಿದ್ರ ಬ್ಯಾಸರ ಮಾಡ್ಕೋಬ್ಯಾಡ ಗುರುಬಾಯಿ. ನಿನ್ನ ಬಾಯಿ ವಾಸನಿ ಬರಾಕತ್ತೈತಿ."

ನೆಲ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ನನಗೂ ಅನುಮಾನ ಇತ್ತು. ಹಲ್ಲು ತಿಕ್ಕುವಾಗ ರಕ್ತ ಬರುತ್ತಿತ್ತು, ಒಸಡು ಉಬ್ಬಿತ್ತು. ಆದರೆ ಸ್ವಲ್ಪ ಹೊತ್ತಿನ ಮೇಲೆ ಒಳಗೊಳಗೇ ಸಂತೋಷವಾಯಿತು. ನಗಬೇಡಿ. ಗಂಡನ ಮನಸ್ಸು ಕೆಟ್ಟಿದ್ದರೆ ಯಾವ ದವಾಖಾನೆಗೆ ಹೋಗಲಿ? ಕೆಟ್ಟದ್ದು ಬಾಯಿ ಅಷ್ಟೇ. ಬಾಯಿಗೆ ಡಾಕ್ಟರು ಇದ್ದಾರೆ. ಮರುದಿನವೇ ಜಮಖಂಡಿಯ ಬಸ್ಸು ಹತ್ತಿದೆ.

ಜಮಖಂಡಿಯ ಹಲ್ಲಿನ ಡಾಕ್ಟರಬಾಯಿ ಮಧುಮತಿ ನನಗಿಂತ ಸಣ್ಣವಳು. ಬಾಯಿ ತೆರೆಸಿ, ದೀಪ ಬಿಟ್ಟು, ಸಣ್ಣ ಕೊಕ್ಕೆಯಿಂದ ಸಂದಿ ಸಂದಿ ತಡಕಾಡಿದಳು.

"ದಿನಾ ತಿಕ್ಕತೀರಿ, ಅದು ಕಾಣಸ್ತೈತ್ರಿ. ಆದ್ರ ಬ್ರಶ್ ಹಲ್ಲಿನ ಸಂದ್ಯಾಗ ಹೋಗೂದಿಲ್ಲ. ಅಲ್ಲಿ ಕುಂತ ಹೊಲಸು ಒಸಡು ತಿನ್ನಾಕತ್ತೈತಿ. ವಾಸನಿ ಅದರದ."

ಕಲ್ಲಿನಂತೆ ಕುಂತಿದ್ದ ಹೊಲಸನ್ನೆಲ್ಲ ಮಿಷನ್ನಿನಿಂದ ತೆಗೆದಳು. ಆಮೇಲೆ ಒಂದು ಪುಟ್ಟ ಡಬ್ಬಿ ಕೊಟ್ಟು, ಅದರೊಳಗಿನ ದಾರವನ್ನು ಎರಡು ಬೆರಳಿಗೆ ಸುತ್ತಿ, ಹಲ್ಲಿನ ಮಗ್ಗುಲಿಗೆ ಒತ್ತಿ ಮೇಲೆ ಕೆಳಗೆ ಎಳೆಯುವುದನ್ನು ತೋರಿಸಿದಳು.

"ದಾರಾನ? ನಮ್ಮ ಮನ್ಯಾಗ ಬ್ಯಾರೆ ಏನಿಲ್ಲಂದ್ರೂ ದಾರಕ್ಕ ಬರ ಇಲ್ಲ ಬಿಡ್ರಿ" ಎಂದೆ.

"ಮಗ್ಗದ ನೂಲು ಬ್ಯಾಡ್ರಿ ಮತ್ತ. ಗಂಜಿ ಹಚ್ಚಿದ್ದು, ಒಸಡು ಕೊಯ್ತೈತಿ."

ಹೂಂ ಎಂದು ಬಂದೆ. ಡಬ್ಬಿ ತೀರಿದಾಗ ಮಗ್ಗದ ನೂಲನ್ನೇ ಎಳೆದು, ಒಸಡು ಕೊಯ್ದುಕೊಂಡು, ಎರಡು ದಿನ ಬರೀ ಗಂಜಿ ಕುಡಿದೆ. ಆಮೇಲೆ ಬುದ್ಧಿ ಬಂತು.

ದಿನಾ ಊಟವಾದ ಮೇಲೆ ಹಿತ್ತಲಿನ ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ನಮ್ಮಲ್ಲಿ ಕೂಲಿಗೆ ಎರಡು ಮಗ್ಗ ನೋಡಿಕೊಳ್ಳುವ ಮಾಂತೇಶ ಅದನ್ನು ಕಂಡು ನಕ್ಕಿದ್ದೇ ನಕ್ಕಿದ್ದು. ಅವನ ಬಾಯಿಯಲ್ಲಿ ಗುಟ್ಕಾ ಇಲ್ಲದ ಹೊತ್ತಿಲ್ಲ. ಕೈಯಲ್ಲಿ ಮೊಬೈಲು.

"ಅಕ್ಕಾ, ಇದರಾಗ ಬಂದೈತಿ ನೋಡ. ದಾರ ಎಳೆದ್ರ ಹಲ್ಲ ಛಲೋ ಇರತಾವು ಅನ್ನಾಕ ಗಟ್ಟಿ ಪುರಾವೆ ಇಲ್ಲಂತ. ಸುಮ್ನ ಯಾಕ ತ್ರಾಸ ಮಾಡ್ಕೊಳ್ಳಾಕತ್ತಿ?"

ಅವನಿಗೆ ಅದು ಮಾತಿಗೆ ಮಾತು, ನನಗೆ ಸಂಸಾರ. ಮುಂದಿನ ಸಲ ಜಮಖಂಡಿಗೆ ಹೋದಾಗ ಡಾಕ್ಟರಬಾಯಿಯನ್ನು ನೇರವಾಗಿ ಕೇಳಿದೆ.

ಆಕೆಗೆ ಸಿಟ್ಟು ಬರಲಿಲ್ಲ. "ಅವ ಹೇಳಿದ್ದೂ ಸುಳ್ಳಲ್ರಿ. ಮಂದಿ ಕೂಡಿಸಿ ಪರೀಕ್ಷಾ ಮಾಡಿದ್ದು ಕಡಿಮಿ. ಮಾಡಿದ್ರಾಗೂ ಭಾಳ ಮಂದಿ ನೆಟ್ಟಗ ಎಳದಿಲ್ಲ. ಎಲ್ಲಾರಿಗೂ ದಾರಾನ ಬೇಕು ಅಂತ ನಾ ಹೇಳೂದಿಲ್ಲ, ಸಂದಿ ದೊಡ್ಡು ಇದ್ದವರಿಗೆ ಸಣ್ಣ ಬ್ರಶ್ ಅದಾವು. ಆದ್ರ ನಿಮ್ಮ ಸಂದಿ ಬಿಗಿ ಅದಾವು. ಹೆಂಗರ ಮಾಡಿ ಅಲ್ಲಿ ಸ್ವಚ್ಛ ಇಟ್ಕೋಬೇಕು. ನಿಮ್ಮ ಒಸಡಿಗೆ ಬೇಕು."

ನಿಮ್ಮ ಒಸಡಿಗೆ ಬೇಕು ಅಂದಳಲ್ಲ, ಅಷ್ಟು ಸಾಕಾಯಿತು ನನಗೆ. ಜಗತ್ತಿನ ಹಲ್ಲು ಕಟ್ಟಿಕೊಂಡು ನಾನೇನು ಮಾಡಲಿ.

ದೀಪಾವಳಿಯ ಹೊತ್ತಿಗೆ ರಕ್ತ ನಿಂತಿತು. ಉಬ್ಬಿದ ಒಸಡು ಇಳಿಯಿತು. ಅತ್ತೆಯ ಎದುರು ಕುಳಿತು ಆಕೆಯ ಮುಖದ ಮೇಲೆ ಹಾ ಎಂದು ಉಸಿರು ಬಿಟ್ಟೆ.

"ಏನೂ ಇಲ್ಲ ಬೇ. ಯಾಲಕ್ಕಿ ತಿಂದಿಯೇನ?" ಅಂದಳು ಸಾತವ್ವ.

ಯಾಲಕ್ಕಿ ತಿಂದಿರಲಿಲ್ಲ. ಆ ದಿನ ನನಗೆ ಹದಿನೆಂಟು ತುಂಬಿದಂತೆ ಕುಣಿದಾಡಿದೆ. ತಲೆ ಬಾಚಿ, ಮಲ್ಲಿಗೆ ಮುಡಿದು ಮಗ್ಗದ ಖೋಲಿಗೆ ಹೋದೆ. ಕಂಡಿಕೆ ಕೂರಿಸಿ, ಲಾಳಿಗೆ ಬಾಯಿ ಹಚ್ಚಿ, ಹಿಂದಿನಂತೆ ಸುಮ್ಮನೆ ಎಳೆದಂತೆ ಮಾಡಿ, ಬರಲಿಲ್ಲ ಎಂದು ಅವರ ಕೈಗೆ ಕೊಟ್ಟೆ.

ಅವರು ಲುಂಗಿಯ ಅಂಚು ಹಿಡಿದು ಒರೆಸಿದರು.

ಇರಲಿ, ಅವರಿಗೆ ಇನ್ನೂ ಗೊತ್ತಾಗಿಲ್ಲ ಎಂದುಕೊಂಡೆ. ಕೈಗೆ ಬಿದ್ದ ರೂಢಿ, ಬಿಡಲು ನಾಲ್ಕು ದಿನ ಬೇಕು. ಸಂಕ್ರಾಂತಿ ಬಂತು, ಹೋಯಿತು. ಡಾಕ್ಟರಬಾಯಿ ನನ್ನ ಒಸಡನ್ನು ನೋಡಿ, ಬೇರೆ ಪೇಷಂಟುಗಳನ್ನು ಕರೆದು ತೋರಿಸುವಷ್ಟು ಛಲೋ ಆಗಿದೆ ಅಂದಳು. ತಿರುಗಿ ಬರುವಾಗ ಬಸ್ಸಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿದ್ದವು. ಯಾಕೋ ಕಿಟಕಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಬೇರೆಯವರನ್ನು ಕರೆದು ತೋರಿಸುವ ಬಾಯಿ, ನನ್ನ ಗಂಡ ಮಾತ್ರ ನೋಡಿಲ್ಲ.

ಆಮೇಲೆ ಶಿವರಾತ್ರಿಯ ಹಿಂದಿನ ದಿನ. ಮಾಂತೇಶನ ಲಾಳಿಯಲ್ಲಿ ನೂಲು ಸಿಕ್ಕಿಕೊಂಡಿತ್ತು. ಅವನು ಗುಟ್ಕಾದ ಬಾಯಿಯಿಂದಲೇ ಎಳೆದ, ಎಳೆದ, ಬರಲಿಲ್ಲ. ಲಾಳಿಯ ತೂತಿನ ಸುತ್ತ ಕೆಂಪು ಎಂಜಲು ಹತ್ತಿತ್ತು, ನನ್ನ ಕಣ್ಣಿನಿಂದ ನೋಡಿದ್ದೇನೆ. ಅವನು ಅದನ್ನು ನನ್ನ ಗಂಡನ ಕಡೆ ಚಾಚಿದ. ಅವರು ಇಸಿದುಕೊಂಡು, ಮಗ್ಗದ ಮೇಲಿನ ಕಣ್ಣು ಕೀಳದೆ, ಹಾಗೇ ಬಾಯಿಗೆ ಹಚ್ಚಿದರು. ಒಂದೇ ಸಲಕ್ಕೆ ನೂಲು ಬಂತು. ತಿರುಗಿ ಅವನಿಗೆ ಕೊಟ್ಟರು.

ಕೈಯಲ್ಲಿದ್ದ ಕಂಡಿಕೆಗಳೆಲ್ಲ ನೆಲಕ್ಕೆ ಬಿದ್ದವು. ಆ ಗದ್ದಲದಲ್ಲಿ ಅದೂ ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಮಾಂತೇಶ ಚಹಾಕ್ಕೆ ಹೋದ, ಅತ್ತೆ ಒಳಗೆ ಮಲಗಿದ್ದಳು. ಮಗ್ಗದ ಖೋಲಿಯಲ್ಲಿ ನಾನು, ನನ್ನ ಗಂಡ ಇಬ್ಬರೇ. ನನ್ನ ನಾಲಗೆ ಸುಮ್ಮನಿರುವಂಥದ್ದಲ್ಲ, ಆದರೂ ಈ ಒಂದು ಮಾತನ್ನು ಇಷ್ಟು ದಿನ ನುಂಗಿಕೊಂಡಿದ್ದೆ.

"ಮಾಂತೇಶನ ಲಾಳಿ ಯಾಕ ಒರಸಲಿಲ್ರಿ?"

"ಯಾವ ಲಾಳಿ?"

"ಮುಂಜಾನಿ. ಅವನ ಗುಟ್ಕಾದ ಎಂಜಲ ಹತ್ತಿತ್ತು. ಹಂಗ ಬಾಯಿಗೆ ಹಚ್ಚಿದ್ರಿ. ನಾ ಕೊಟ್ಟದ್ದು ಮಾತ್ರ ಒರಸ್ತೀರಿ."

ಅವರು ತಮ್ಮ ಲುಂಗಿಯ ಅಂಚನ್ನು ನೋಡಿಕೊಂಡರು. ಅಲ್ಲಿ ಎಣ್ಣೆಯ ಕಲೆಗಳಿದ್ದವು. "ಒರಸ್ತೀನೇನು? ನನಗ ಖಬರ ಇಲ್ಲ" ಅಂದರು. ಸುಳ್ಳು ಹೇಳಿದರೆ ಅವರ ಕಿವಿ ಅಲುಗುತ್ತವೆ. ಅಲುಗಲಿಲ್ಲ.

"ನನ್ನ ಬಾಯಿ ಈಗ ವಾಸನಿ ಬರೂದಿಲ್ಲ. ಡಾಕ್ಟರಬಾಯಿ ಹೇಳ್ಯಾಳ, ನಿಮ್ಮವ್ವನೂ ಹೇಳ್ಯಾಳ. ನಾ ದಾರ ಎಳ್ಯಾಕ ಹತ್ತಿ ವರ್ಷ ಆಗಾಕ ಬಂತು."

"ವಾಸನಿ?" ಅವರು ಖರೆ ಖರೆ ಗಾಬರಿಯಾದವರಂತೆ ಕೇಳಿದರು. "ನಿನ್ನ ಬಾಯಿ ಯಾವಾಗ ವಾಸನಿ ಬರ್ತಿತ್ತು?"

ಅವರಿಗೆ ಗೊತ್ತೇ ಇರಲಿಲ್ಲ. ಒಂದೇ ಮನೆ, ಒಂದೇ ಹಾಸಿಗೆ. ಹಲ್ಲಿಲ್ಲದ ಮುದುಕಿಗೆ ತಿಳಿದದ್ದು ಗಂಡನಿಗೆ ತಿಳಿದಿರಲಿಲ್ಲ. ತಿಳಿಯುವಷ್ಟು ಹತ್ತಿರ ಅವರು ಎಂದು ಬಂದಿದ್ದರು? ಅದನ್ನು ನಾನು ಲೆಕ್ಕ ಹಾಕಿರಲೇ ಇಲ್ಲ. ಕೆಲಸದ ದಣಿವು ಎಂದುಕೊಂಡಿದ್ದೆ, ಮಕ್ಕಳು ದೊಡ್ಡವರಾದರು ಎಂದುಕೊಂಡಿದ್ದೆ, ಕಡೆಗೆ ಹಲ್ಲು ಎಂದುಕೊಂಡಿದ್ದೆ.

"ಮತ್ತ ಯಾಕ್ರಿ?" ಎಂದೆ. "ಬ್ಯಾರೆ ಯಾರರ ಅದಾರೇನು? ಇದ್ರ ಹೇಳ್ರಿ, ಬೈದಾಡಿ ಸುಮ್ಮನಾಗ್ತೀನಿ."

"ಯಾರೂ ಇಲ್ಲ ಮಾರಾಯ್ತಿ. ಹುಚ್ಚರಂಗ ಮಾತಾಡಬ್ಯಾಡ."

ಅವರ ಕಿವಿ ಆಗಲೂ ಅಲುಗಲಿಲ್ಲ. ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಜುಟ್ಟು ಹಿಡಿದು ಜಗಳಾಡಲು ಒಬ್ಬಳಾದರೂ ಸಿಗುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಬಂತು. ಬಂದ್ ಮಾಡದೆ ಬಿಟ್ಟಿದ್ದ ಮಗ್ಗಗಳು ಒಮ್ಮೆಲೇ ಎದ್ದವು. ಆಗ ಅವರು ತಲೆ ಎತ್ತಿ, ಎಷ್ಟೋ ತಿಂಗಳ ಮೇಲೆ, ನೆಟ್ಟಗೆ ನನ್ನ ಮುಖ ನೋಡಿದರು. ಅವರ ತುಟಿ ಅಲುಗಿತು. ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಹೇಳಿದರೋ, ತುಟಿ ಓದುತ್ತಾಳೆ ಎಂದು ತಿಳಿದೇ ಹೇಳಿದರೋ, ನನಗೆ ಇಂದಿಗೂ ತಿಳಿದಿಲ್ಲ.

"ನಿಂದೇನೂ ತಪ್ಪಿಲ್ಲ ಗುರುಬಾಯಿ. ಮೊದಲಿನಂಗ ಇರಾಕ ನನಗ ಆಗವಲ್ದು. ಯಾಕೋ ಗೊತ್ತಿಲ್ಲ."

ಹೇಳಿ ಮಗ್ಗದ ಕಡೆ ತಿರುಗಿದರು. ನಾನು ಮುಂಜಾನೆ ಬಿದ್ದಿದ್ದ ಕಂಡಿಕೆಗಳನ್ನು ಆರಿಸಿಕೊಂಡು ಕುಳಿತೆ. ಅಳು ಬಂತು. ಅಳುತ್ತಲೇ ಸುತ್ತಿದೆ.

ಅಂದಿನಿಂದ ದಾರ ಬಿಟ್ಟೆ. ಡಬ್ಬಿಯನ್ನು ಹಿತ್ತಲಿನ ಕನ್ನಡಿಯ ಹಿಂದೆ ಎಸೆದೆ. ಯಾರಿಗೆ ಬೇಕು ಈ ಚೆಂದದ ಒಸಡು? ಮಾಂತೇಶ "ನಾ ಹೇಳಿರಲಿಲ್ಲೇನಕ್ಕ, ಅದೆಲ್ಲಾ ಸುಮ್ನ" ಎಂದ. ಅವನ ತಲೆಗೆ ಲಾಳಿ ಎಸೆಯುವಷ್ಟು ಮೈ ಉರಿಯಿತು.

ಕೆಲವು ವಾರ ಹೋದವು. ಒಂದು ಮುಂಜಾನೆ ಹಲ್ಲು ತಿಕ್ಕಿ ಉಗುಳಿದರೆ ಕೆಂಪು. ಒಸಡು ಮತ್ತೆ ಉಬ್ಬಿತ್ತು, ಮುಟ್ಟಿದರೆ ನೋವು. ತಲೆ ಎತ್ತಿದೆ. ಹಿತ್ತಲಿನ ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ರಕ್ತವನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ನಾನು ಕನ್ನಡಿಯ ಹಿಂದೆ ಕೈ ಹಾಕಿ, ಜೇಡರ ಬಲೆ ಒರೆಸಿ, ಡಬ್ಬಿಯನ್ನು ಹೊರಗೆ ತೆಗೆದೆ. ಡಾಕ್ಟರಬಾಯಿ ಹೇಳಿದ್ದು ಖರೆ ಇತ್ತು. ಓಣಿಯ ಹೆಂಗಸರು ಕೇಳಿದರೆ ಅಷ್ಟೇ ಹೇಳುತ್ತೇನೆ, ನನ್ನ ಹಲ್ಲಿಗೆ ಬೇಕು.

ಆ ದಿನ ನನಗೆ ನಿಜವಾಗಿಯೂ ನೂಲು ಎಳೆಯಲು ಆಗಲಿಲ್ಲ. ಒಸಡಿನ ನೋವಿಗೆ ಉಸಿರು ಕಟ್ಟುತ್ತಿತ್ತು. ಎರಡು ಸಲ ನೋಡಿದೆ, ಕೊಕ್ಕೆ ಹುಡುಕಿದೆ, ಸಿಗಲಿಲ್ಲ. ಅವರು ಮಗ್ಗ ಬಿಟ್ಟು ಬಂದು ಕೈ ಚಾಚಿದರು. ಲಾಳಿ ಕೊಟ್ಟೆ. ತೂತಿನ ಬದಿಯಲ್ಲಿ ಒಂದು ಚೂರು ರಕ್ತ ಹತ್ತಿತ್ತು.

ಅವರ ಕೈ ರೂಢಿಯಂತೆ ಲುಂಗಿಯ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಒರೆಸದೆ ಲಾಳಿಯನ್ನು ಹಾಗೇ ಬಾಯಿಯ ಹತ್ತಿರ ಎತ್ತಿದರು. ಕಷಾಯ ಕುಡಿಯುವವರಂತೆ ಕಣ್ಣು ಮುಚ್ಚಿದ್ದರು.

ಒಂದು ವರ್ಷ ನಾನು ಕಾದದ್ದು ಅದಕ್ಕೇ.

ನಾನು ಅವರ ಮಣಿಕಟ್ಟು ಹಿಡಿದು ಲಾಳಿಯನ್ನು ತಿರುಗಿ ಇಸಿದುಕೊಂಡೆ. ಸೆರಗಿನ ತುದಿಯಿಂದ ತೂತನ್ನು ಒಳಗೂ ಹೊರಗೂ ನೆಟ್ಟಗೆ ಒರೆಸಿ ಅವರ ಕೈಗೆ ಕೊಟ್ಟೆ.