ಬಚ್ಚಿಡುವ ಕೆಲಸ ನನ್ನದು

ಉಮೇಶ ತೀರಿಕೊಂಡ ಇಪ್ಪತ್ತೆರಡನೆಯ ದಿನ, ನನ್ನ ಬಳಿ ಉಳಿದಿದ್ದ ಅವನ ಬ್ಯಾಗು ಹಿಡಿದು ಸಿಂಗಪುರದ ಟ್ಯಾಂಪಿನೀಸ್‌ನಲ್ಲಿದ್ದ ಅವನ ಮನೆಗೆ ಹೋದೆ. ಅವನ ಹೆಂಡತಿ ವಿನುತಾಗೆ ಹೇಳಬೇಕಾದ ಮಾತು ಒಂದೇ ಇತ್ತು. ಎಂಆರ್‌ಟಿ ರೈಲಿನಲ್ಲಿ ಅದನ್ನೇ ಉರು ಹೊಡೆದೆ. ಅಳು ಬರಲಿಲ್ಲ. ಈ ಹಾಳು ಕಣ್ಣಿಗೆ ಇನ್ನೂ ಬಂದಿಲ್ಲ.

2016ರ ಜನವರಿ. ನಾವು ಮೂವರು ಹೋಗಿದ್ದ ಜಪಾನಿನ ಆ ಬೆಟ್ಟದಲ್ಲಿ ಎರಡು ದಿನ ಹೊಸ ಹಿಮ ಬಿದ್ದಿತ್ತು, ಗಾಳಿ ಅದನ್ನೆಲ್ಲ ಒಂದೇ ಇಳಿಜಾರಿನಲ್ಲಿ ಗುಡ್ಡೆ ಹಾಕಿತ್ತು. ಹಿಮ ಕುಸಿಯುವ ಅಪಾಯ ಐದರಲ್ಲಿ ಮೂರು ಎಂದು ಬೆಳಗಿನ ಮುನ್ಸೂಚನೆ ಹೇಳಿತ್ತು. ಮೂರು ತಾನೇ ಅಂದುಕೊಂಡೆವು. ಒಬ್ಬೊಬ್ಬರಾಗಿ ದಾಟಬೇಕೆಂಬ ನಿಯಮದಂತೆ ಉಮೇಶ ಮೊದಲು ಹೊರಟ. ಹಿಮ ಕುಸಿದು ಅವನನ್ನು ಎಳೆದುಕೊಂಡು ಹೋಯಿತು. ಉಳಿದವರು ಗೆಳೆಯ ಶ್ರೀಕಂಠ ಮತ್ತು ನಾನು.

ಎದೆಗೆ ಕಟ್ಟಿಕೊಳ್ಳುವ ಬೀಕನ್ ಸದಾ ಸಿಗ್ನಲ್ ಕಳಿಸುತ್ತಿರುತ್ತದೆ. ಒಬ್ಬ ಹೂತುಹೋದರೆ ಉಳಿದವರು ತಮ್ಮದನ್ನು ಸರ್ಚ್‌ಗೆ ಹಾಕಿ ಅವನನ್ನು ಹುಡುಕಬೇಕು. ನಾನು ಹಾಕಲಿಲ್ಲ. ಶ್ರೀಕಂಠ ನನ್ನ ಸಿಗ್ನಲ್ಲನ್ನೇ ಉಮೇಶನದೆಂದು ಹಿಡಿದು ಏಳು ನಿಮಿಷ ನನ್ನ ಸುತ್ತಲೇ ತಿರುಗಿದ. ಹಿಮದಡಿ ಹದಿನೈದು ನಿಮಿಷ ದಾಟಿದರೆ ಬದುಕುವ ಆಸೆ ಕಡಿಮೆ. ಉಮೇಶ ಸಿಕ್ಕಿದ್ದು ಹತ್ತೊಂಬತ್ತನೆಯ ನಿಮಿಷಕ್ಕೆ.

ಪ್ರಾಕ್ಟೀಸ್ ಮಾಡಿರಲಿಲ್ಲವೇ? ಮಾಡಿದ್ದೆವು, ಪ್ರತಿ ಭಾನುವಾರ, ಪಾಸಿರ್ ರಿಸ್ ಬೀಚಿನ ಮರಳಿನಲ್ಲಿ. ಬೀಕನ್ನನ್ನು ಚಿತ್ರಾನ್ನದ ಡಬ್ಬದಲ್ಲಿಟ್ಟು ಹೂಳುವವನು ನಾನು, ಹುಡುಕುವವನು ಉಮೇಶ, ಅವನ ಹಿಂದೆ ಮಗಳು ದಿಶಾ. ಸೋಮಾರಿ ಮುಂಡೇದು ನಾನು, ಒಂದು ದಿನವೂ ಹುಡುಕಲಿಲ್ಲ.

"ನೀನೇ ಹೇಳ್ಬೇಕು ವಿನುತಾಗೆ," ಅಂದಿದ್ದ ಶ್ರೀಕಂಠ.

ವಿನುತಾ ಕಾಫಿ ಕೊಟ್ಟಳು. "ದಿವಾಕರ್, ಬೇಗ ಸಿಕ್ಕಿದ್ರೆ ಉಮೇಶ್ ಉಳೀತಿದ್ರಾ?"

"ಹಿಮ ತುಂಬಾ ಇತ್ತು ವಿನುತಾ," ಅಂದೆ. ಥೂ, ನನ್ನ ಬಾಯಿಗೆ ಬೆಂಕಿ ಹಾಕ.

ಅಷ್ಟರಲ್ಲಿ ಎಂಟು ವರ್ಷದ ದಿಶಾ ಬ್ಯಾಗಿನಿಂದ ಎರಡೂ ಬೀಕನ್, ಅಪ್ಪನದು ಮತ್ತು ನಾನು ಅದರಲ್ಲೇ ಹಾಕಿಟ್ಟಿದ್ದ ನನ್ನದು, ತೆಗೆದಿದ್ದಳು. "ಯಾವಾಗ್ಲೂ ನೀವೇ ಹೈಡ್ ಮಾಡೋದು ಅಂಕಲ್. ಇವತ್ತು ಯು ಫೈಂಡ್, ಲಾ!" ಸಿಂಗಪುರದ ಮಕ್ಕಳ ಧಾಟಿಯಲ್ಲಿ ಅಂದವಳು ಅಪ್ಪನದನ್ನು ಆನ್ ಮಾಡಿ ಎತ್ತಿಕೊಂಡು ಒಳಗೆ ಓಡಿ, ಬರಿಗೈಯಲ್ಲಿ ಬಂದಳು.

ನನ್ನದನ್ನು ಆನ್ ಮಾಡಿ ನಿಂತೆ. ಪರದೆಯಲ್ಲಿ ಏನೂ ಬರಲಿಲ್ಲ.

"ಅಯ್ಯೋ ಅಂಕಲ್, ಸರ್ಚ್‌ಗೇ ಹಾಕಿಲ್ಲ! ಅಪ್ಪ ಫಸ್ಟ್ ಅದೇ ಹೇಳ್ಕೊಟ್ಟಿದ್ದು."

ವಿನುತಾಳ ಮುಖ ನೋಡಿದೆ. "ಅವತ್ತೂ ಹಾಕಿರ್ಲಿಲ್ಲ," ಅಂದೆ. "ಶ್ರೀಕಂಠ ನನ್ ಸಿಗ್ನಲ್ ಹಿಂದೇನೇ ಸುತ್ತಿದ. ಏಳು ನಿಮಿಷ."

ಅವಳು ನನ್ನ ಮುಂದಿನ ಲೋಟ ಎತ್ತಿಕೊಂಡಳು. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

"ಮಗು ಕಾಯ್ತಿದೆ. ಹುಡುಕಿಕೊಟ್ಟು ಹೋಗಿ," ಅಂದಳು. "ಆಮೇಲೆ ಬರ್ಬೇಡಿ."

ಸರ್ಚ್ ಒತ್ತಿದೆ. ಆರು, ನಾಲ್ಕು, ಎರಡು ಮೀಟರ್ ಎಂದು ಪರದೆಯ ಅಂಕಿ ಇಳಿಯುತ್ತ ನನ್ನನ್ನು ಅಡುಗೆಮನೆಗೆ ಕರೆದೊಯ್ದಿತು. ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ, ತಳದಲ್ಲಿ ಸಿಕ್ಕಿತು. ಒಂದು ನಿಮಿಷವೂ ಹಿಡಿಯಲಿಲ್ಲ.