ರಕ್ತ ಮೊದಲೇ ಹೇಳಿತ್ತು

ಚಿಕ್ಕೋಡಿಯ ಲ್ಯಾಬಿನಲ್ಲಿ ದಿನಾ ಊರವರ ರಕ್ತ ಪರೀಕ್ಷಿಸುವ ಮೇಘಾ ಅವ್ವನ ವರದಿಯನ್ನು ಮತ್ತೆ ಮತ್ತೆ ಓದಿದಳು. ವಯಸ್ಸಾದವರ ಸ್ನಾಯು ಸವೆಯುವುದನ್ನು ರಕ್ತದಲ್ಲೇ ಮೊದಲು ಪತ್ತೆ ಹಚ್ಚುವ ಸಂಶೋಧನೆಗೆಂದು ಅವ್ವ ತ್ರಿಶಲಾಳ ರಕ್ತವನ್ನು ಅವಳೇ ತೆಗೆದಿದ್ದಳು. ಹೊರಗೆ ನೋಡಿದರೆ ಅವ್ವ ಗಟ್ಟಿಮುಟ್ಟಾಗಿದ್ದಳು, ಐನಾಪುರದ ದ್ರಾಕ್ಷಿ ತೋಟದಲ್ಲಿ ಇಡೀ ದಿನ ಓಡಾಡುತ್ತಿದ್ದಳು. ರಕ್ತ ಮಾತ್ರ ಸ್ನಾಯು ಸವೆಯತೊಡಗಿದೆ ಎನ್ನುತ್ತಿತ್ತು.

"ಈಗ ಸಿಕ್ಕಿದ್ದು ಛಲೋ ಆತು," ಎಂದರು ಡಾಕ್ಟರು. "ಮೂರ ಹೊತ್ತು ಊಟ, ಹಾಲು, ಬ್ಯಾಳಿ, ಒಂದೀಟು ವ್ಯಾಯಾಮ. ಈಗಾದ್ರ ತಡೀಬಹುದ್ರಿ, ಸವದ ಮ್ಯಾಲ ತಿರಗಿ ಬರೂದು ಕಷ್ಟ."

ಹೇಳುವುದೇನೋ ಸುಲಭ. ಅವ್ವ ಜೈನ ಮುನಿ ಮಹಾರಾಜರ ಮುಂದೆ ನಿಯಮ ತೊಟ್ಟವಳು. ದಿನಕ್ಕೆ ಒಂದೇ ಊಟ, ಅದರಲ್ಲೂ ಹಾಲು ಮೊಸರು ತುಪ್ಪ ಇಲ್ಲ, ಜೀವ ಇರುವವರೆಗೆ.

"ನಿಯಮ ಮುರದು ಕಾಲಿನ ಬಲ ಉಳಿಸ್ಕೊಂಡು ಏನ ಮಾಡ್ಲೆವ್ವ?" ಎಂದು ನಕ್ಕಳು ಅವ್ವ. "ಮಹಾರಾಜರು ಬಂದಾಗ ಎದ್ದ ನಿಂತು ಆಹಾರ ಕೊಡೂವಷ್ಟು ತ್ರಾಣ ಇದ್ರ ಸಾಕು." ನಿಂತೇ ಉಣ್ಣುವ ಮುನಿಗಳ ಬೊಗಸೆಗೆ ನಿಂತೇ ತುತ್ತು ಹಾಕಬೇಕು. ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಗುರು ಕೊಟ್ಟ ನಿಯಮವನ್ನು ಸಡಿಲಿಸಿರೆಂದು ಗುರುವನ್ನು ಕೇಳುವುದೇ ಪಾಪ ಎಂದ ಅಪ್ಪ ಭೂಪಾಲ. ಮೇಘಾಳೂ ಹಾಗೇ ನಂಬಿದಳು. ಓದಿದ ಹುಡುಗಿ, ಆದರೆ ಮಹಾರಾಜರ ಹೆಸರು ಬಂದರೆ ಓದೆಲ್ಲ ಬಾಯಿ ಮುಚ್ಚಿ ಕೂರುತ್ತಿತ್ತು.

ಮರುವರ್ಷ ಅವ್ವ ನೆಲದಿಂದ ಏಳಲು ಗೋಡೆ ಹಿಡಿದಳು. ಆಮೇಲೆ ಗಂಡನ ಹೆಗಲು ಹಿಡಿದಳು. "ತಪಸ್ಸಿನಿಂದ ಮೈ ಹಗುರಾಗೈತಿ," ಎಂದು ಬಳಗದವರು ಹೊಗಳಿದಾಗ ಮೇಘಾಳಿಗೆ ಮೈಯೆಲ್ಲ ಉರಿಯಿತು.

ಆ ಮಳೆಗಾಲ ಚಾತುರ್ಮಾಸಕ್ಕೆ ಅದೇ ಮಹಾರಾಜರು ಐನಾಪುರಕ್ಕೆ ಬಂದರು. ಅವರನ್ನು ಆಹಾರಕ್ಕೆ ಕರೆಯಲು ಮನೆಮನೆಯವರೂ ಕಳಶ ಹಿಡಿದು ಬಾಗಿಲಲ್ಲಿ ನಿಂತರು. ಅವ್ವನೂ ಎದ್ದಳು. ಮೊಳಕಾಲು ಕುಸಿದು ಹೊಸ್ತಿಲಲ್ಲೇ ಕೂತುಬಿಟ್ಟಳು. ಮಹಾರಾಜರು ಪಕ್ಕದ ಮನೆಗೆ ಹೋದರು. ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತ ಅಳುವನ್ನು ಕೇಳಲಾಗದೆ ಮೇಘಾ ಮಧ್ಯಾಹ್ನ ಬಸದಿಗೆ ಓಡಿ, ಇದ್ದದ್ದನ್ನೆಲ್ಲ ಮಹಾರಾಜರಿಗೆ ಹೇಳಿದಳು.

ಅವರು ಅವಳಿಗೆ ಕೂರಲು ಹೇಳಿದರು. "ಬ್ಯಾನಿ ಬಂದ್ರ ನಿಯಮ ಸಡಲಿಸಾಕ ಬರತೈತಿ ತಾಯಿ. ಸಣ್ಣದೊಂದು ಪ್ರಾಯಶ್ಚಿತ್ತ ಕೊಡ್ತಿದ್ದೆ, ಅಷ್ಟ. ಆವಾಗ್ಲೇ ಯಾಕ ಕೇಳಲಿಲ್ಲ?"

ಮೇಘಾ ಕೈಮುಗಿದು ಎದ್ದಳು. ಮನೆಗೆ ಬಂದು ಹಾಲು ಕಾಯಿಸಿದಳು. ಗುರುಗಳ ಅಪ್ಪಣೆಯೆಂದು ತಿಳಿದ ಮೇಲೆ ಅವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.

"ಇದನ್ನ ಕುಡದ್ರ ನಾಳೆ ಎದ್ದ ನಿಂದರ್ತೇನೇನ, ಮೇಘಾ?"

"ನಿಂದರ್ತಿ ಬೇ," ಎಂದಳು ಮೇಘಾ, ಅವ್ವನ ಮುಖ ನೋಡದೆ.