ಮನೆಯವರ ಮೊಳೆ

ಬಾಗಿಲು ನೆಲಕ್ಕೆ ತಾಗುತ್ತಿದೆ ಎಂದು ಪಂಚರ್ ಅಣ್ಣ ಮತ್ತೆ ತಕರಾರು ತೆಗೆದ. ಬಡಗಿ ಬಾಗಿಲು ಕಳಚಿ ಅಂಗಳದಲ್ಲಿ ಮಲಗಿಸಿ, ಅಂಚು ಹೆರೆಯಲು ಕೀಸುಳಿ ಹಿಡಿದು ಕೂತ. ತಾಗುತ್ತಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ಕುಣಿಯೋಕೆ ಬಾರದವಳಿಗೆ ನೆಲ ಡೊಂಕು ಅಂತಾರೆ. ನಿಮಗೆ ನೆಲವೂ ಡೊಂಕು, ಬಾಗಿಲೂ ಡೊಂಕು. ಕುಣಿಯೋದು ಯಾವಾಗಣ್ಣ?" ಎಂದ ಬಡಗಿ.

ಪಂಚರ್ ಅಣ್ಣ ನಗಲಿಲ್ಲ. ಬಸ್ ನಿಲ್ದಾಣದ ಪಕ್ಕ ಟೈರಿಗೆ ತೇಪೆ ಹಾಕಿ ಹಾಕಿ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಸ್ವಂತ ಹೆಸರು ಯಾವಾಗಲೋ ಗಾಳಿಯ ಹಾಗೆ ಸೋರಿಹೋಗಿತ್ತು.

ಭೂಮಿ ನಡುಗಿದ ಬೆಳಿಗ್ಗೆ ಹೆಂಡತಿ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದಳು. ಮನೆಯೊಳಗೆ ಇವನೂ ಮಗಳೂ. ಮಗಳು ಬೆನ್ನ ಹಿಂದೆಯೇ ಇದ್ದಾಳೆ ಅಂದುಕೊಂಡು ಇವನು ಓಡಿ ಬಂದ. ಅವಳಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಗೋಡೆ ಕುಸಿದು ಕೂತುಬಿಟ್ಟಿತ್ತು. ಮಗುವನ್ನು ಮಣ್ಣು ಮಾಡಿದ ಮೇಲೆ ಹೆಂಡತಿ ಅಕ್ಕನ ಮನೆಗೆ ಹೊರಟಳು. ವಾಪಸ್ ಬಾ ಎಂದು ಇವನು ಕರೆದಾಗ, ಮನೆ ಸರಿಯಾಗಲಿ, ಆಮೇಲೆ ನೋಡೋಣ ಎಂದಳು. ಆ "ನೋಡೋಣ" ಇವನ ಕಿವಿಗೆ "ಬರ್ತೀನಿ" ಎಂದೇ ಬಿತ್ತು. ಬೇರೆ ಥರ ಕೇಳಿಸಿಕೊಂಡಿದ್ದರೆ ಬದುಕುವುದಾದರೂ ಹೇಗೆ?

ಚರ್ಚಿನವರು ವ್ಯಾನಿನಲ್ಲಿ ಸಿಮೆಂಟು, ತಗಡು, ಹಾರೆ ಗುದ್ದಲಿ ಹೇರಿಕೊಂಡು ಬಂದರು. ಬಡಗಿಯೂ ಅವರಲ್ಲೊಬ್ಬ. ಗಾರೆ ಕಲಸುತ್ತಾ ಹಾಡುತ್ತಿದ್ದರು. ನಿನ್ನ ದೇವರು ಯಾವುದು, ನೀನು ಯಾವ ಪೈಕಿ ಎಂದು ಒಬ್ಬರೂ ಕೇಳಲಿಲ್ಲ. ಅವರ ಯಜಮಾನಿಕೆ ಪಾಸ್ಟರಮ್ಮನದು. ದೇವರೇ ಕಳಿಸಿದ್ದು ಎಂದು ಆಕೆ ಅಂದಾಗ ಇವನ ಮೈಯೆಲ್ಲ ಉರಿದುಹೋಯಿತು.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಕಳಿಸಿದ್ನಾ? ಆವತ್ತು ಬೆಳಿಗ್ಗೆ ಎಲ್ಲಿ ಸತ್ತಿದ್ದ?"

"ಗೊತ್ತಿಲ್ಲಪ್ಪ" ಎಂದು ಆಕೆ ಇಟ್ಟಿಗೆ ಎತ್ತಿಕೊಂಡರು. ಗೊತ್ತು ಅಂದಿದ್ದರೆ ಇವನು ಆವತ್ತೇ ಅವರನ್ನೆಲ್ಲ ಓಡಿಸುತ್ತಿದ್ದ.

ಅವರಲ್ಲೊಂದು ರೂಢಿ. ಬಾಗಿಲ ಚೌಕಟ್ಟಿಗೆ ಕೊನೆಯ ಮೊಳೆ ಅವರು ಹೊಡೆಯುವುದಿಲ್ಲ. ಅದು ಮನೆಯವರ ಮೊಳೆ. ಮನೆಯವರು ಹೊಡೆದರೆ ಕೆಲಸ ಮುಗಿದ ಹಾಗೆ. ಅದಕ್ಕೇ ಪಂಚರ್ ಅಣ್ಣನಿಗೆ ದಿನಕ್ಕೊಂದು ಹುಳುಕು ಕಾಣತೊಡಗಿದ್ದು. ಮನೆ ಮುರಿದಿರುವ ತನಕ ಅವಳು ಬಾರದಿರುವುದಕ್ಕೆ ಒಂದು ಕಾರಣವಿತ್ತು. ಮನೆ ನಿಂತರೆ ಕಾರಣ ಬೀಳುತ್ತಿತ್ತು.

ಇದೇನೂ ತಿಳಿಯದ ಪಾಸ್ಟರಮ್ಮ, ಪಾಪ, ಒಳ್ಳೆಯದೇ ಮಾಡಲು ಹೋಗಿ ಅವಳಿಗೆ ಫೋನ್ ಮಾಡಿದ್ದರು. ಬಡಗಿ ಬಾಗಿಲು ಕೂರಿಸುವಷ್ಟರಲ್ಲಿ ಆಟೋ ಬಂದು ನಿಂತಿತು.

ಅವಳು ಇಳಿದು ಎಲ್ಲರಿಗೂ ಕೈ ಮುಗಿದಳು. ಹೊಸ ಗೋಡೆಯನ್ನು ಅಂಗೈಯಿಂದ ಸವರಿದಳು. ಎಷ್ಟು ನುಣುಪಾಗಿದೆ ಎಂದಳು. ಹೊಸ್ತಿಲು ಮಾತ್ರ ದಾಟಲಿಲ್ಲ. ಪಾಸ್ಟರಮ್ಮ ಸುತ್ತಿಗೆ ನೀಡಿದರು. ಅವಳು ಅದನ್ನು ಮುಟ್ಟದೆ ಗಂಡನ ಕಡೆ ನೋಡಿದಳು.

"ಒಳಗೆ ಬಾ" ಎಂದ ಅವನು. "ಎಲ್ಲಾ ಸರಿಯಾಗಿದೆ."

"ಯಾರು ಮಾಡಿಕೊಡ್ತಾರೆ ಅಂದ್ಕೊಂಡು, ಮನೆ ಸರಿಯಾಗಲಿ ಅಂದಿದ್ದೆ ಕಣ್ರೀ."

ಬೈಗುಳವಲ್ಲ, ಅಳುವಲ್ಲ. ಸಾಲಿನಲ್ಲಿ ನಿಂತವಳು ನಲ್ಲಿ ನೀರು ನಿಂತಿತು ಎಂದು ಹೇಳುವ ದನಿ. "ಕಣ್ಣು ಮುಚ್ಚಿದ್ರೆ ಈ ಬಾಗಿಲಲ್ಲಿ ನೀವೊಬ್ಬರೇ ಬರ್ತಾ ಇರ್ತೀರಿ. ಇವರು ಒಳ್ಳೆಯವರು. ಅದನ್ನ ಹೇಗೆ ರಿಪೇರಿ ಮಾಡ್ತಾರೆ?"

ಆಟೋದವನು ಎಂಜಿನ್ ಆರಿಸಿಯೇ ಇರಲಿಲ್ಲ. ವಾಪಸ್ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಂಡು ಬಂದಿದ್ದಳು. ಹೋಗಿ ಹತ್ತಿ ಕೂತಳು, ಆಟೋ ತಿರುಗಿ ಹೊರಟಿತು.

ಪಂಚರ್ ಅಣ್ಣ ಸುತ್ತಿಗೆ ಕಸಿದುಕೊಂಡು ಮೊಳೆಗೆ ಹೊಡೆದ. ಅರ್ಧ ಇಳಿದು ಬಗ್ಗಿತು. ಬಡಗಿ ಇನ್ನೊಂದು ಮೊಳೆ ತೆಗೆದುಕೊಟ್ಟಾಗ ಬೇಡ ಎಂದ. ಎಲ್ಲರೂ ಅರ್ಧಚಂದ್ರವಾಗಿ ನಿಂತು ಪ್ರಾರ್ಥನೆಗೆ ತಲೆ ಬಗ್ಗಿಸಿದರು. ಪಾಸ್ಟರಮ್ಮ ಆಮೆನ್ ಒಂದನ್ನೇ ಹೇಳಿ ಗುದ್ದಲಿ ಎತ್ತಿಕೊಂಡರು. ಮುಂದಿನ ಬೀದಿಯಲ್ಲಿ ಇನ್ನೂ ಬಿದ್ದ ಮನೆಗಳಿದ್ದವು, ಹೊರಟರು.

ಅವನು ಬೆವರಿನ ಅಂಗಿ ಬಿಚ್ಚಿ ಬಗ್ಗಿದ ಮೊಳೆಗೆ ನೇತುಹಾಕಿ ಒಳಗೆ ಹೋದ. ಬಾಗಿಲು ತಳ್ಳಿದ. ಎಲ್ಲೂ ತಾಗದೆ, ಸದ್ದೇ ಇಲ್ಲದೆ ಮುಚ್ಚಿಕೊಂಡಿತು.